ಜ್ವರವಲ್ಲದ ತಾಪ: ಬಿರುಬಿಸಿಲಿನಲ್ಲಿ ದೇಹ ಹೇಗೆ ಬಾಳುತ್ತದೆ, ಎಲ್ಲಿ ಸೋಲುತ್ತದೆ

ಏಪ್ರಿಲ್ ತಿಂಗಳು ಕಾಲಿಡುತ್ತಿದ್ದಂತೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಚೇರಿಗಳ ವೇಳೆ ಬದಲಾಗುವುದು ವಾಡಿಕೆ. ಬೆಳಿಗ್ಗೆ 8ಕ್ಕೆ ತೆರೆದ ಕಚೇರಿ ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತದೆ. ಇದನ್ನು ನೌಕರರಿಗೆ ದೊರೆತ ಒಂದು ರಿಯಾಯಿತಿ ಎಂದಷ್ಟೇ ನೋಡುವವರಿದ್ದಾರೆ. ಆದರೆ ಈ ಆದೇಶ, ಬರೆದವರು ಹಾಗೆ ಯೋಚಿಸಿದ್ದರೋ ಇಲ್ಲವೋ, ಶರೀರಶಾಸ್ತ್ರದ ಒಂದು ಸತ್ಯಕ್ಕೆ ಬಿದ್ದ ಸರ್ಕಾರಿ ಮೊಹರು. ಮನುಷ್ಯನ ದೇಹ ಹೊರಗಿನ ತಾಪವನ್ನು ಎದುರಿಸಬಲ್ಲದು, ಆದರೆ ಆ ಶಕ್ತಿಗೊಂದು ಮಿತಿಯಿದೆ ಎಂಬುದೇ ಆ ಸತ್ಯ.

ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಅದೇ ಹೊತ್ತಿನಲ್ಲಿ ಅಲ್ಲಿ ಬೇವಿನ ನೆರಳಿನಲ್ಲಿ ಕುಳಿತ ರೈತನ ಮೈಯೊಳಗಿನ ತಾಪ 37 ಡಿಗ್ರಿಯ ಆಸುಪಾಸು. ಲಡಾಖ್‌ನ ಚಳಿಗಾಲದಲ್ಲಿ, ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಗಾಳಿಯಲ್ಲಿ ಕಾವಲು ನಿಂತ ಯೋಧನ ಒಳಗೂ ಅಷ್ಟೇ. ಹೊರಗೆ ಅರವತ್ತು ಡಿಗ್ರಿಗೂ ಮೀರಿದ ಅಂತರ, ಒಳಗೆ ಅಂತರವೇ ಇಲ್ಲವೆನ್ನಬಹುದು. ಬೆಳಗಿನ ಜಾವ ಅರ್ಧ ಡಿಗ್ರಿ ಕಡಿಮೆ, ಸಂಜೆ ಅರ್ಧ ಡಿಗ್ರಿ ಹೆಚ್ಚು, ಅಷ್ಟು ಮಾತ್ರ ಏರಿಳಿತ. ಈ ಅಂಕಿ 40 ದಾಟಿ ಅಲ್ಲಿಯೇ ನಿಂತರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. 42 ದಾಟಿದರೆ ಜೀವ ಉಳಿಯುವ ಭರವಸೆ ಕ್ಷೀಣಿಸುತ್ತದೆ. ಆರೋಗ್ಯಕ್ಕೂ ಮರಣಕ್ಕೂ ನಡುವೆ ಇರುವುದು ನಾಲ್ಕೈದು ಡಿಗ್ರಿಗಳ ಹಾದಿ.

ಬೇಸಿಗೆಯಲ್ಲಿ ಮೈ ಕಾದ ವ್ಯಕ್ತಿಯನ್ನು ಕಂಡರೆ ಮನೆಯವರಿಗೆ ಮೊದಲು ಹೊಳೆಯುವುದು ಜ್ವರ. ಮಾತ್ರೆಯೊಂದನ್ನು ನುಂಗಿಸಿ, ಹೊದಿಸಿ ಮಲಗಿಸುತ್ತಾರೆ. ಅದು ಜ್ವರವೇ ಆಗಿದ್ದರೆ ತೊಂದರೆಯಿಲ್ಲ. ಉಷ್ಣಾಘಾತವಾಗಿದ್ದರೆ ಆ ಮಾತ್ರೆ ನಿಷ್ಪ್ರಯೋಜಕ, ಆ ಹೊದಿಕೆ ಅಪಾಯ. ಎರಡರಲ್ಲಿಯೂ ಮೈ ಸುಡುತ್ತದೆ. ಎರಡರ ಒಳಗಣ ಕಾರಣ ಮಾತ್ರ ತೀರ ಬೇರೆ. ಆ ಭೇದ ಅರ್ಥವಾಗಬೇಕಾದರೆ ದೇಹ ತನ್ನ ತಾಪವನ್ನು ಹೇಗೆ ಕಾಯ್ದುಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಒಳಗಿನ ಪರಿಸರ

ಜೀವಿಗಳಿಗೆ ಎರಡು ಪರಿಸರಗಳಿವೆ, ಹೊರಗಿನದೊಂದು ಮತ್ತು ಜೀವಕೋಶಗಳನ್ನು ಸುತ್ತುವರಿದ ದ್ರವದ್ದೊಂದು ಎಂದು 19ನೆಯ ಶತಮಾನದಲ್ಲಿ ಹೇಳಿದವನು ಫ್ರಾನ್ಸಿನ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ಡ್. ಒಳಗಿನ ಪರಿಸರ ಸ್ಥಿರವಾಗಿದ್ದರೆ ಮಾತ್ರ ಜೀವಿ ಹೊರಗೆ ಸ್ವತಂತ್ರವಾಗಿ ಬಾಳಬಲ್ಲದು ಎಂಬುದು ಅವನ ವಾದ. 1926ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಇದಕ್ಕೆ ಹೋಮಿಯೊಸ್ಟಾಸಿಸ್ ಎಂಬ ಹೆಸರಿಟ್ಟ. ಕನ್ನಡದಲ್ಲಿ ಸಮಸ್ಥಿತಿ ಎನ್ನಬಹುದು. ಆದರೆ ಆ ಪದ ನಿಶ್ಚಲತೆಯ ಭಾವನೆ ಕೊಡುತ್ತದೆ. ವಾಸ್ತವದಲ್ಲಿ ನಡೆಯುವುದು ಎಡೆಬಿಡದ ಸರಿದೂಗಿಸುವಿಕೆ. ತಕ್ಕಡಿಯ ಮುಳ್ಳು ನಡುವೆ ನಿಂತಿರುವುದು ಯಾರೋ ಸತತವಾಗಿ ಎರಡೂ ತಟ್ಟೆಗಳಿಗೆ ಕೈ ಹಚ್ಚುತ್ತಿರುವುದರಿಂದ.

ಇವರಿಬ್ಬರಿಗೂ ಮೊದಲೇ, 1774ರ ಜನವರಿಯಲ್ಲಿ, ಲಂಡನ್ನಿನಲ್ಲಿ ನಡೆದ ಒಂದು ಪ್ರಯೋಗ ಈ ವಿಷಯದಲ್ಲಿ ಇಂದಿಗೂ ಸ್ವಾರಸ್ಯಕರ. ಜಾರ್ಜ್ ಫೋರ್ಡೈಸ್ ಎಂಬ ವೈದ್ಯ ಕೋಣೆಗಳನ್ನು ಅತಿಯಾಗಿ ಕಾಯಿಸುವ ಏರ್ಪಾಡು ಮಾಡಿದ್ದ. ಅವುಗಳೊಳಗೆ ಚಾರ್ಲ್ಸ್ ಬ್ಲಾಗ್ಡೆನ್, ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಮೊದಲಾದವರು ಪ್ರವೇಶಿಸಿದರು. ಮುಂದಿನ ಸುತ್ತಿನಲ್ಲಿ ಕೋಣೆಯ ತಾಪವನ್ನು 260 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ, ಅಂದರೆ ನೀರು ಕುದಿಯುವ ಮಟ್ಟಕ್ಕಿಂತಲೂ ಮೇಲೆ ಒಯ್ಯಲಾಯಿತು. ಬ್ಲಾಗ್ಡೆನ್ ಕೆಲವು ನಿಮಿಷ ಒಳಗಿದ್ದು ಜೀವಂತನಾಗಿ ಹೊರಬಂದ. ಅದೇ ಕೋಣೆಯಲ್ಲಿ ತಗಡಿನ ಮೇಲಿಟ್ಟ ಮೊಟ್ಟೆಗಳು ಇಪ್ಪತ್ತು ನಿಮಿಷಗಳಲ್ಲಿ ಗಟ್ಟಿಯಾದವು, ಮಾಂಸದ ತುಂಡು ಬೆಂದುಹೋಯಿತು. ಬುಟ್ಟಿಯೊಂದರಲ್ಲಿಟ್ಟು ಒಯ್ದಿದ್ದ ನಾಯಿಗೂ ಹಾನಿಯಾಗಲಿಲ್ಲ. ಒಂದೇ ಗಾಳಿ ಸತ್ತ ಮಾಂಸವನ್ನು ಬೇಯಿಸಿತು, ಬದುಕಿದ ಮಾಂಸವನ್ನು ಬೇಯಿಸಲಿಲ್ಲ.

ಕೋಣೆಯ ಗಾಳಿ ಒಣಗಿತ್ತು, ಬ್ಲಾಗ್ಡೆನ್‌ನ ಮೈ ಬೆವರಿತ್ತು ಎಂಬುದರಲ್ಲಿದೆ ಇದರ ಗುಟ್ಟು. ಹಬೆ ತುಂಬಿದ ಕೋಣೆಯಾಗಿದ್ದರೆ ಅದಕ್ಕಿಂತ ಎಷ್ಟೋ ಕಡಿಮೆ ತಾಪದಲ್ಲಿಯೇ ಅವನು ಬೆಂದುಹೋಗುತ್ತಿದ್ದ.

ಒಲೆಯೊಳಗಿನ ಲೆಕ್ಕ

ದೇಹಕ್ಕೆ ಬಿಸಿ ಹೊರಗಿನಿಂದ ಮಾತ್ರ ಬರುವುದಿಲ್ಲ. ತಿಂದ ಆಹಾರ ಒಳಗೆ ಉರಿಯುತ್ತಲೇ ಇರುತ್ತದೆ. ಸುಮ್ಮನೆ ಕುಳಿತ ವಯಸ್ಕನ ದೇಹ ಹಳೆಯ ಕಾಲದ 80ರಿಂದ 100 ವಾಟ್‌ನ ವಿದ್ಯುತ್ ಬಲ್ಬಿನಷ್ಟು ಶಾಖವನ್ನು ಹೊರಹಾಕುತ್ತದೆ. ಗುದ್ದಲಿ ಹಿಡಿದು ನೆಲ ಅಗೆಯುವವನ, ಇಟ್ಟಿಗೆ ಹೊರುವವಳ ದೇಹ ಅದರ ನಾಲ್ಕೈದು ಪಟ್ಟು ಶಾಖವನ್ನು ಉತ್ಪಾದಿಸುತ್ತದೆ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಕೆಲಸವಾಗಿ ಪರಿವರ್ತನೆಯಾಗುತ್ತದೆ, ಉಳಿದ ಮುಕ್ಕಾಲು ಪಾಲು ಬಿಸಿಯಾಗಿಯೇ ಉಳಿಯುತ್ತದೆ.

ಈ ಶಾಖಕ್ಕೆ ಹೊರದಾರಿಯೇ ಇಲ್ಲವೆಂದು ಭಾವಿಸಿದರೆ, 60 ಕಿಲೋ ತೂಕದ ವ್ಯಕ್ತಿ ಸುಮ್ಮನೆ ಕುಳಿತರೂ ಮುಕ್ಕಾಲು ಗಂಟೆಗೆ ಸರಿಸುಮಾರು ಒಂದು ಡಿಗ್ರಿಯಂತೆ ಕಾಯುತ್ತಾ ಹೋಗುತ್ತಾನೆ. ದುಡಿಯುತ್ತಿದ್ದರೆ ಹತ್ತು ನಿಮಿಷಕ್ಕೊಂದು ಡಿಗ್ರಿ. ಅರ್ಧ ಗಂಟೆಯ ದುಡಿಮೆ 37ನ್ನು 40ಕ್ಕೆ ಮುಟ್ಟಿಸಲು ಸಾಕು.

ಆದ್ದರಿಂದ ಶಾಖವನ್ನು ಹೊರದೂಡುವುದು ದೇಹಕ್ಕೆ ಕ್ಷಣಕ್ಷಣದ ಕೆಲಸ. ಗಾಳಿ ತಂಪಾಗಿದ್ದಾಗ ಇದು ಸುಲಭ. ಚರ್ಮದ ತಾಪ ಸುಮಾರು 33ರಿಂದ 35 ಡಿಗ್ರಿ ಇರುವುದರಿಂದ ಬಿಸಿ ತಾನಾಗಿಯೇ ಗಾಳಿಗೆ, ತಂಪಾದ ನೆಲಕ್ಕೆ, ಸುತ್ತಲಿನ ಗೋಡೆಗೆ ಹರಿದುಹೋಗುತ್ತದೆ. ಗಾಳಿಯ ತಾಪ 35 ದಾಟಿದೊಡನೆ ಈ ದಾರಿಗಳೆಲ್ಲ ತಿರುಗುಮುರುಗಾಗುತ್ತವೆ. ಆಗ ಗಾಳಿಯೇ ಮೈಗೆ ಬಿಸಿ ತುಂಬುತ್ತದೆ, ಕಾದ ಡಾಂಬರು ರಸ್ತೆ ತುಂಬುತ್ತದೆ, ತಗಡಿನ ಸೂರು ತುಂಬುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ.

ಮನುಷ್ಯನ ಚರ್ಮದಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರು ಗ್ರಂಥಿಗಳಿವೆ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ತನ್ನೊಂದಿಗೆ ಒಯ್ಯುತ್ತದೆ. ಇಲ್ಲಿ ಒತ್ತು ಕೊಡಬೇಕಾದ ಮಾತು ‘ಆವಿಯಾದರೆ’ ಎಂಬುದು. ಹನಿಹನಿಯಾಗಿ ನೆಲಕ್ಕೆ ತೊಟ್ಟಿಕ್ಕಿದ ಬೆವರು, ಟವೆಲಿನಿಂದ ಒರೆಸಿದ ಬೆವರು ದೇಹವನ್ನು ತಣಿಸುವುದಿಲ್ಲ. ನೀರು, ಉಪ್ಪು ಎರಡೂ ನಷ್ಟವಾದಂತಾಯಿತು ಅಷ್ಟೇ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಕಸಿಯುತ್ತದೆ. ಮಳೆಗಾಲದಲ್ಲಿ ಅದೇ ಮಡಕೆಯ ನೀರು ಅಷ್ಟು ತಣ್ಣಗಾಗದೆಂಬುದು ಎಲ್ಲರ ಅನುಭವ.

ಈ ಎಲ್ಲದರ ಮೇಲ್ವಿಚಾರಣೆ ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗದ್ದು. ಚರ್ಮದ ನರತುದಿಗಳಿಂದ ಬರುವ ಸುದ್ದಿಯನ್ನೂ ತನ್ನ ಮೂಲಕ ಹರಿಯುವ ರಕ್ತದ ತಾಪವನ್ನೂ ಅದು ಸದಾ ತಾಳೆ ನೋಡುತ್ತದೆ. ನಿಗದಿತ ಮಟ್ಟಕ್ಕಿಂತ ತಾಪ ಏರಿತೆಂದರೆ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿ ರಕ್ತವನ್ನು ಮೇಲ್ಮೈಗೆ ತರಿಸುತ್ತದೆ, ಬೆವರು ಗ್ರಂಥಿಗಳಿಗೆ ಆಜ್ಞೆ ಕಳುಹಿಸುತ್ತದೆ. ಬಿಸಿಯನ್ನು ಗ್ರಹಿಸುವ ನರತುದಿಗಳ ಒಂದು ಪ್ರೋಟೀನನ್ನು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಗುರುತಿಸಿದರು. 2021ರ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಇಬ್ಬರಲ್ಲಿ ಜೂಲಿಯಸ್ ಒಬ್ಬರು. ಅವರು ಆ ಪ್ರೋಟೀನನ್ನು ಹುಡುಕಿದ್ದು ಮೆಣಸಿನಕಾಯಿಯ ಖಾರದ ಜಾಡು ಹಿಡಿದು. ಸುಮಾರು 43 ಡಿಗ್ರಿ ಮೀರಿದ ಬಿಸಿಗೆ ತೆರೆದುಕೊಳ್ಳುವ ಅದೇ ಬಾಗಿಲು ಖಾರಕ್ಕೂ ತೆರೆದುಕೊಳ್ಳುತ್ತದೆ. ಗುಂಟೂರು ಮೆಣಸಿನಕಾಯಿಯ ಚಟ್ನಿ ತಿಂದವನ ನಾಲಿಗೆ ಉರಿಯುವುದೂ ಹಣೆ ಬೆವರುವುದೂ ಇದರಿಂದಲೇ. ಬ್ಯಾಡಗಿ ಮೆಣಸಿನಕಾಯಿ ಕೆಂಪು ಕೊಟ್ಟಷ್ಟು ಖಾರ ಕೊಡದ ಕಾರಣ ಅಷ್ಟು ಬೆವರಿಸದು.

ಎಮ್ಮೆಯ ಉಪಾಯ, ಬೇವಿನ ಇಕ್ಕಟ್ಟು

ಬೆವರಿನ ಈ ಅನುಕೂಲ ಎಲ್ಲ ಪ್ರಾಣಿಗಳಿಗಿಲ್ಲ. ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಅದರ ಪಾಲಿಗೆ ಬಾಯಿ, ನಾಲಿಗೆ, ಶ್ವಾಸನಾಳಗಳ ತೇವವೇ ಬೆವರು. ಮಧ್ಯಾಹ್ನದ ಕಾಗೆ ಕೊಕ್ಕು ತೆರೆದು ಕುಳಿತಿರುವುದೂ ಅದಕ್ಕೇ. ಎಮ್ಮೆಯ ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ, ಮೈಮೇಲೆ ಕೂದಲು ವಿರಳ, ಬೆವರು ಗ್ರಂಥಿಗಳಂತೂ ಹಸುವಿಗಿಂತ ಬಹಳ ಕಡಿಮೆ. ಕೆರೆಯ ಕೆಸರಿನಲ್ಲಿ ಅದು ಹೊರಳುವುದನ್ನು ಸೋಮಾರಿತನದ ಉಪಮೆಯಾಗಿ ಬಳಸಲಾಗುತ್ತದೆ. ವಾಸ್ತವವಾಗಿ ಎಮ್ಮೆ ಅಲ್ಲಿ ಎರವಲು ಬೆವರು ಪಡೆಯುತ್ತಿರುತ್ತದೆ. ಮೈಗಂಟಿದ ಕೆಸರು ನೀರಿಗಿಂತ ನಿಧಾನವಾಗಿ ಒಣಗುವುದರಿಂದ ಆ ತಂಪು ಹೆಚ್ಚು ಹೊತ್ತು ಬರುತ್ತದೆ. ಕೆರೆ ಬತ್ತಿದ ವರ್ಷ ಎಮ್ಮೆ ಹಾಲು ಕಡಿಮೆ ಮಾಡುವುದಕ್ಕೆ ಮೇವಿನ ಕೊರತೆಯ ಜೊತೆಗೆ ಇದೂ ಕಾರಣ.

ಮರಕ್ಕೆ ಓಡಿಹೋಗುವ ಅವಕಾಶವಿಲ್ಲ. ಬೇವಿನ ನೆರಳು ತಗಡಿನ ನೆರಳಿಗಿಂತ ತಂಪೆನಿಸುವುದು ಎಲೆಗಳು ತಮ್ಮ ಸೂಕ್ಷ್ಮ ಪತ್ರರಂಧ್ರಗಳ ಮೂಲಕ ನೀರನ್ನು ಆವಿಯಾಗಿಸಿ ತಮ್ಮನ್ನು ತಾವು ತಣಿಸಿಕೊಳ್ಳುವುದರಿಂದ. ಆದರೆ ನೆಲದಲ್ಲಿ ನೀರು ಕಡಿಮೆಯಾದಾಗ ಅಬ್ಸಿಸಿಕ್ ಆಮ್ಲವೆಂಬ ರಾಸಾಯನಿಕದ ಸಂದೇಶದಿಂದ ಆ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರು ಉಳಿಯುತ್ತದೆ, ಎಲೆ ಕಾಯುತ್ತದೆ. ತಂಪು ಬೇಕೋ, ನೀರು ಬೇಕೋ ಎಂಬ ಇಕ್ಕಟ್ಟಿನಲ್ಲಿ ಮರ ಎರಡರಲ್ಲೊಂದನ್ನು ಆರಿಸಲೇಬೇಕು.

ಮನುಷ್ಯನ ದೇಹಕ್ಕೂ ಇದೇ ಇಕ್ಕಟ್ಟು ಎದುರಾಗುತ್ತದೆ. ತಂಪಿನ ವಾತಾವರಣದಲ್ಲಿ ಚರ್ಮಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಡಿಮೆ ರಕ್ತ ಸಾಕು. ತೀವ್ರ ಬಿಸಿಯಲ್ಲಿ ಅದು ಆರೇಳು ಲೀಟರ್‌ಗೆ ಏರಬಹುದು. ವಿಶ್ರಾಂತಿಯಲ್ಲಿ ಹೃದಯ ಒಟ್ಟಾರೆ ಪಂಪು ಮಾಡುವುದೇ ನಿಮಿಷಕ್ಕೆ ಐದು ಲೀಟರ್. ಹೀಗಾಗಿ ಬಿಸಿಲಿನಲ್ಲಿ ಸುಮ್ಮನೆ ನಿಂತವನ ಹೃದಯವೂ ಓಟಗಾರನ ಹೃದಯದಂತೆ ದುಡಿಯಬೇಕಾಗುತ್ತದೆ. ಅದೇ ವೇಳೆಗೆ ಬೆವರಿನಿಂದ ರಕ್ತದ ನೀರಿನಂಶ ಇಳಿಯುತ್ತಿರುತ್ತದೆ. ಒಂದು ಹಂತದಲ್ಲಿ ಚರ್ಮಕ್ಕೆ ರಕ್ತ ಕಳುಹಿಸಿದರೆ ಮೆದುಳಿಗೆ ಸಾಲದು. ಮೆದುಳಿಗೆ ಉಳಿಸಿಕೊಂಡರೆ ಶಾಖ ಹೊರಹೋಗದು. ತಲೆ ಸುತ್ತಿ ಬೀಳುವುದು ಈ ಹಂತದ ಮೊದಲ ಸೂಚನೆ. ಹೃದ್ರೋಗಿಗಳಿಗೆ, ರಕ್ತದೊತ್ತಡಕ್ಕಾಗಿ ಮೂತ್ರವರ್ಧಕ ಮಾತ್ರೆ ಸೇವಿಸುವವರಿಗೆ ಈ ಹಂತ ಬೇಗ ಬರುತ್ತದೆ. ಬಿಸಿಗಾಳಿಯ ದಿನಗಳ ಅನೇಕ ಸಾವುಗಳು ದಾಖಲೆಯಲ್ಲಿ ಹೃದಯಾಘಾತವೆಂದು ನಮೂದಾಗುವುದರಿಂದ ಬಿಸಿಲಿನ ನಿಜವಾದ ಬಲಿ ಲೆಕ್ಕಕ್ಕೆ ಸಿಗುವುದು ಕಷ್ಟ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ತಾಪ 46.8 ಡಿಗ್ರಿ ಮುಟ್ಟಿದಾಗ, ಹಿಂದಿನ ವರ್ಷಗಳ ಅದೇ ತಿಂಗಳಿಗೆ ಹೋಲಿಸಿ ನೋಡಿದ ಮೇಲೆ ತಾನೆ 1,300ಕ್ಕೂ ಅಧಿಕ ಹೆಚ್ಚುವರಿ ಸಾವುಗಳು ಬೆಳಕಿಗೆ ಬಂದದ್ದು. ಬಿಸಿಲಿನ ಮುನ್ನೆಚ್ಚರಿಕೆಗೆಂದೇ ಒಂದು ಕ್ರಿಯಾ ಯೋಜನೆಯನ್ನು 2013ರಲ್ಲಿ ಆ ನಗರ ಜಾರಿಗೆ ತಂದಿತು.

ಥರ್ಮಾಮೀಟರ್ ಹೇಳದ ಮಾತು

2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರಘರ್‌ನಲ್ಲಿ ಬಯಲಿನಲ್ಲಿ ನಡೆದ ಸಮಾರಂಭವೊಂದಕ್ಕೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಿನ ತಾಪಕ್ಕೆ ಬಲಿಯಾದರು. ಅಂದು ಆ ಭಾಗದಲ್ಲಿ ದಾಖಲಾದ ಗರಿಷ್ಠ ತಾಪ 38 ಡಿಗ್ರಿಯ ಸುಮಾರಿನದು. ಕಲಬುರಗಿಯವರಿಗೆ ಅದು ಮಾರ್ಚ್ ತಿಂಗಳ ಬಿಸಿಲು. ಆದರೆ ಕರಾವಳಿಯ ಗಾಳಿಯಲ್ಲಿ ತೇವಾಂಶವಿತ್ತು, ಜನ ಗಂಟೆಗಟ್ಟಲೆ ನೆರಳಿಲ್ಲದೆ ಕುಳಿತಿದ್ದರು.

ಈ ಭೇದವನ್ನು ಅಳೆಯಲು ಹವಾಮಾನ ಶಾಸ್ತ್ರದಲ್ಲಿ ಒಂದು ಸರಳ ಸಾಧನವಿದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಿಸಿದರೆ ಅದು ತೋರಿಸುವ ಅಂಕಿಯೇ ಒದ್ದೆ ಬಲ್ಬ್ ತಾಪಮಾನ. ಬೆವರಿದ ಮೈ ಎಷ್ಟರ ಮಟ್ಟಿಗೆ ತಣಿಯಬಲ್ಲದು ಎಂಬುದರ ಅಂದಾಜು ಅದರಿಂದ ದೊರೆಯುತ್ತದೆ. 42 ಡಿಗ್ರಿ ತಾಪ, ಶೇಕಡ 15ರ ತೇವಾಂಶವಿರುವ ರಾಯಚೂರಿನ ಮಧ್ಯಾಹ್ನದಲ್ಲಿ ಇದು 22 ಡಿಗ್ರಿಯ ಆಸುಪಾಸು ಇರುತ್ತದೆ. 34 ಡಿಗ್ರಿ ತಾಪ, ಶೇಕಡ 70ರ ತೇವಾಂಶವಿರುವ ಮಂಗಳೂರಿನ ಮಧ್ಯಾಹ್ನದಲ್ಲಿ ಅದು 29. ಸಾಮಾನ್ಯ ಥರ್ಮಾಮೀಟರ್ ರಾಯಚೂರೇ ಅಪಾಯಕರ ಎನ್ನುತ್ತದೆ, ಒದ್ದೆ ಬಟ್ಟೆಯದು ಮಂಗಳೂರಿನ ಕಡೆ ಬೆರಳು ತೋರಿಸುತ್ತದೆ.

ಒದ್ದೆ ಬಲ್ಬ್ ತಾಪಮಾನ 35 ಡಿಗ್ರಿ ಮುಟ್ಟಿದರೆ ಎಷ್ಟು ಬೆವರಿದರೂ ದೇಹ ತಣಿಯಲಾರದು, ಆರೋಗ್ಯವಂತನೂ ಕೆಲವೇ ಗಂಟೆಗಳಲ್ಲಿ ಸಾಯುತ್ತಾನೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುವಕ ಯುವತಿಯರನ್ನೇ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದಾಗ, ಆರ್ದ್ರ ಗಾಳಿಯಲ್ಲಿ ಸುಮಾರು 31 ಡಿಗ್ರಿಗೇ ದೇಹದ ತಾಪ ಏರತೊಡಗುವುದು ಕಂಡುಬಂದಿತು. 2022ರಲ್ಲಿ ಪ್ರಕಟವಾದ ಈ ಫಲಿತಾಂಶ ಹಳೆಯ ಲೆಕ್ಕವನ್ನು ನಾಲ್ಕು ಡಿಗ್ರಿ ಕೆಳಗಿಳಿಸಿತು.

ಹಾಗೆಂದು ಒಣ ಬಿಸಿಲು ಸುರಕ್ಷಿತವೆಂದು ಯಾರೂ ತಿಳಿಯಬಾರದು. ಅಲ್ಲಿ ಅಪಾಯ ಬೇರೆ ಬಾಗಿಲಿನಿಂದ ಬರುತ್ತದೆ. ಒಣಗಾಳಿಯಲ್ಲಿ ಬೆವರು ಮೂಡಿದೊಡನೆ ಆರುವುದರಿಂದ ಅಂಗಿ ಒದ್ದೆಯಾಗುವುದಿಲ್ಲ, ಎಷ್ಟು ನೀರು ಕಳೆದುಹೋಯಿತೆಂಬುದು ತಿಳಿಯುವುದೂ ಇಲ್ಲ. ದುಡಿಯುವವನು ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಬೆವರಬಲ್ಲ. ಬಾಯಾರಿಕೆ ಈ ನಷ್ಟದ ಹಿಂದೆ ಹಿಂದೆಯೇ ಬರುತ್ತದೆ, ಮುಂದೆ ಬರುವುದಿಲ್ಲ. ಇಷ್ಟರಲ್ಲಿ ಮೂತ್ರಪಿಂಡಗಳು ಮೆದುಳಿನಿಂದ ಬರುವ ಹಾರ್ಮೋನಿನ ಸೂಚನೆಯಂತೆ ನೀರನ್ನು ಬಿಗಿಹಿಡಿದು ಮೂತ್ರವನ್ನು ಗಾಢಗೊಳಿಸಿರುತ್ತವೆ. ಮೂತ್ರದ ಕಡು ಹಳದಿ ಬಣ್ಣ ಬಾಯಾರಿಕೆಗಿಂತ ನಂಬಬಹುದಾದ ಸಾಕ್ಷಿ. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೇ ಕುಂದಿರುತ್ತದೆ, ಬೆವರೂ ಕಡಿಮೆ. 2003ರ ಬೇಸಿಗೆಯಲ್ಲಿ ಫ್ರಾನ್ಸಿನಲ್ಲಿ ಬಿಸಿಲಿಗೆ ಸತ್ತ ಸುಮಾರು 15 ಸಾವಿರ ಮಂದಿಯಲ್ಲಿ ಬಹುಪಾಲು ವೃದ್ಧರು. ಅವರಲ್ಲಿ ಅನೇಕರು ಬಿಸಿಲಿಗೆ ಹೋದವರಲ್ಲ, ಮನೆಯೊಳಗೇ ಇದ್ದವರು.

ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ಬೆವರಿದವನು ಬರಿ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಮೀನಖಂಡ ಹಿಡಿಯುತ್ತದೆ, ತಲೆನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿಗಳು ಈ ದೃಷ್ಟಿಯಿಂದ ಶಾಸ್ತ್ರಸಮ್ಮತ. ಎಳನೀರಿನ ವಿಷಯದಲ್ಲಿ ಮಾತ್ರ ಒಂದು ತಪ್ಪು ತಿಳಿವಳಿಕೆಯಿದೆ. ಅದರಲ್ಲಿರುವುದು ಮುಖ್ಯವಾಗಿ ಪೊಟ್ಯಾಶಿಯಂ. ಬೆವರಿನಲ್ಲಿ ಹೋದ ಸೋಡಿಯಂ ಅದರಲ್ಲಿ ಅಲ್ಪ. ಎಳನೀರು ನೀರಿನ ಕೊರತೆ ತುಂಬೀತು, ಉಪ್ಪಿನದನ್ನು ತುಂಬಲಾರದು.

ಮೈ ಕಲಿಯುವ ಪಾಠ

ಒಂದೇ ಬಿಸಿಲು ಎಲ್ಲರಿಗೂ ಒಂದೇ ಅಲ್ಲ. ದಿನವೂ ಒಂದೆರಡು ಗಂಟೆ ಬಿಸಿಲಿನಲ್ಲಿ ದುಡಿದವನ ದೇಹ ಒಂದರಿಂದ ಎರಡು ವಾರಗಳಲ್ಲಿ ಬದಲಾಗುತ್ತದೆ. ಮೊದಲು ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಬಡಿತ ನಿಧಾನವಾಗುತ್ತದೆ. ಬಳಿಕ ಬೆವರು ಬೇಗ ಆರಂಭವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಕೆಲವು ವಾರ ತಂಪಿನಲ್ಲಿ ಕಳೆದರೆ ದೇಹ ಈ ಪಾಠವನ್ನು ಮರೆಯುತ್ತದೆ. ಬೆಂಗಳೂರಿನ ಹವಾನಿಯಂತ್ರಿತ ಕಚೇರಿಯಿಂದ ಮೇ ತಿಂಗಳ ಮದುವೆಗೆ ಯಾದಗಿರಿಗೆ ಬಂದ ಇಪ್ಪತ್ತೈದರ ತರುಣ ಓಡಾಟದಲ್ಲಿ ಕುಸಿಯಬಹುದು, ಐವತ್ತು ದಾಟಿದ ಅವನ ಸೋದರಮಾವ ನಿರಾಯಾಸವಾಗಿ ಓಡಾಡಿಕೊಂಡಿರಬಹುದು.

ಗಣಿಗಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದವು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಆಳ 3 ಕಿಲೋಮೀಟರ್ ಮೀರಿತ್ತು. ತಳದ ಬಂಡೆಗಳ ತಾಪ 60 ಡಿಗ್ರಿಗಿಂತ ಹೆಚ್ಚು. ಕೆಲಸ ಸಾಧ್ಯವಾಗಲೆಂದು ಅಲ್ಲಿ ತಣಿಸಿದ ಗಾಳಿಯನ್ನು ಕೆಳಗಿಳಿಸಲಾಗುತ್ತಿತ್ತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಗಾಳಿಯ ಜೊತೆಗೆ ಕಾರ್ಮಿಕರನ್ನೂ ಸಿದ್ಧಗೊಳಿಸುವ ಪದ್ಧತಿ ಬೆಳೆಯಿತು. ಹೊಸಬರನ್ನು ಕೆಲವು ದಿನ ಬಿಸಿ, ತೇವದ ವಾತಾವರಣದಲ್ಲಿ ಹಂತಹಂತವಾಗಿ ದುಡಿಸಿ, ತಾಳಿಕೊಂಡವರನ್ನು ಮಾತ್ರ ಆಳಕ್ಕೆ ಕಳುಹಿಸುತ್ತಿದ್ದರು. ಅದರ ಉದ್ದೇಶ ಕಾರ್ಮಿಕನ ಹಿತವೋ ಚಿನ್ನದ ಉತ್ಪಾದನೆಯೋ ಎಂಬುದು ಬೇರೆ ಪ್ರಶ್ನೆ. ಉಷ್ಣಾಘಾತದ ಸಾವುಗಳು ಇಳಿದದ್ದು ನಿಜ. ಬಯಲಿನ ಕೆಲಸದಲ್ಲಿ ಬಿಸಿಲಿಗೆ ಸಂಭವಿಸುವ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚು ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನಗಳಲ್ಲೇ ಆಗುತ್ತವೆಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಆಡಳಿತ ಹೇಳುತ್ತದೆ. ಹೊಸಬನಿಗೆ ಮೊದಲ ದಿನ ಪೂರ್ಣ ಕೆಲಸದ ಐದನೆಯ ಒಂದು ಪಾಲನ್ನು ಮಾತ್ರ ಕೊಟ್ಟು ದಿನಕ್ಕಿಷ್ಟರಂತೆ ಏರಿಸಬೇಕೆಂಬುದು ಅದರ ಸಲಹೆ. ನಮ್ಮ ಕಟ್ಟಡ ಕಾಮಗಾರಿಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ ದಿನಗೂಲಿಗೆ ಬಂದವನಿಗೆ ಅಂಥ ಮೊದಲ ದಿನ ಎಲ್ಲಿಂದ ಬರಬೇಕು?

ಕಂಬಳಿ ಕೇಳುವವನು, ಕೇಳದವನು

ಈಗ ಜ್ವರದ ಮಾತಿಗೆ ಮರಳಬಹುದು. ಜ್ವರದಲ್ಲಿ ದೇಹದ ನಿಯಂತ್ರಣ ತಪ್ಪಿರುವುದಿಲ್ಲ. ಸೋಂಕನ್ನು ಎದುರಿಸಲು ಹೈಪೊಥಲಾಮಸ್ ತಾನೇ ನಿಗದಿತ ಮಟ್ಟವನ್ನು 37ರಿಂದ 39ಕ್ಕೋ 40ಕ್ಕೋ ಏರಿಸಿಕೊಂಡಿರುತ್ತದೆ. ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಈ ಬದಲಾವಣೆಯ ವಾಹಕ. ಹೊಸ ಮಟ್ಟಕ್ಕೆ ಹೋಲಿಸಿದರೆ 37 ಡಿಗ್ರಿಯ ರಕ್ತ ತಣ್ಣಗಿದ್ದಂತೆ ತೋರುವುದರಿಂದ ರೋಗಿ ನಡುಗುತ್ತಾನೆ, ಕೈಕಾಲು ತಣ್ಣಗಾಗುತ್ತವೆ, ಸುಡುವ ಮೈಯಲ್ಲಿಯೂ ಕಂಬಳಿ ಕೇಳುತ್ತಾನೆ. 1970ರ ದಶಕದಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಹಲ್ಲಿಜಾತಿಯ ಪ್ರಾಣಿಗೆ ಬ್ಯಾಕ್ಟೀರಿಯಾ ಚುಚ್ಚಿದಾಗ ಅದು ಹೆಚ್ಚು ಬಿಸಿಯಾದ ಜಾಗವನ್ನು ಅರಸಿ ಹೋಯಿತು. ತನ್ನೊಳಗೆ ಬಿಸಿ ಹುಟ್ಟಿಸಿಕೊಳ್ಳಲಾರದ ಆ ಪ್ರಾಣಿ ಜ್ವರವನ್ನು ಹೊರಗಿನಿಂದ ತಂದುಕೊಂಡಿತು. ಹಾಗೆ ಬೆಚ್ಚಗಾಗಲು ಬಿಡದೆ ತಂಪಿನಲ್ಲಿ ಇರಿಸಿದವುಗಳಲ್ಲಿ ಸಾವು ಹೆಚ್ಚಾಗಿತ್ತು. ಪ್ಯಾರಾಸಿಟಮಾಲ್ ಮಾತ್ರೆ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆದು ಏರಿದ್ದ ಆ ಮಟ್ಟವನ್ನು ಕೆಳಗಿಳಿಸುತ್ತದೆ. ಆಗ ರೋಗಿ ಬೆವರಿ ಜ್ವರ ಇಳಿಯುತ್ತದೆ.

ಉಷ್ಣಾಘಾತದಲ್ಲಿ ಆ ಮಟ್ಟ ಏರಿರುವುದೇ ಇಲ್ಲ. ಹೈಪೊಥಲಾಮಸ್ 37 ಬೇಕೆಂದೇ ಕೂಗುತ್ತಿರುತ್ತದೆ, ದೇಹದ ಕೈಯಲ್ಲಿ ಅದನ್ನು ನಡೆಸಿಕೊಡುವ ಶಕ್ತಿ ಉಳಿದಿರುವುದಿಲ್ಲ. ಏರದ ಮಟ್ಟವನ್ನು ಇಳಿಸಲು ಮಾತ್ರೆ ಏನು ಮಾಡೀತು? ಉಷ್ಣಾಘಾತದಲ್ಲಿ ಯಕೃತ್ತಿಗೆ ಮೊದಲೇ ಪೆಟ್ಟು ಬಿದ್ದಿರುವುದರಿಂದ ಪ್ಯಾರಾಸಿಟಮಾಲ್ ಹಾನಿಯನ್ನು ಹೆಚ್ಚಿಸಬಹುದು. ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ತಾಪ 40 ಡಿಗ್ರಿ, ಅಂದರೆ 104 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಸ್ಥಿತಿಯಲ್ಲಿ ಪ್ರೋಟೀನುಗಳು ಕೆಡುತ್ತವೆ, ಕರುಳಿನ ಒಳಪದರ ಸಡಿಲಗೊಂಡು ಬ್ಯಾಕ್ಟೀರಿಯಾ ವಿಷ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡ, ಯಕೃತ್ತುಗಳು ಒಂದಾದ ಮೇಲೊಂದು ಕೈಬಿಡುತ್ತವೆ.

ಗುರುತಿಸುವ ಬಗೆ ಕಷ್ಟದ್ದಲ್ಲ. ಬಿಸಿಲಿನಲ್ಲಿ ಅಥವಾ ಕಾದ ಕೋಣೆಯಲ್ಲಿದ್ದ ವ್ಯಕ್ತಿಯ ಮೈ ಸುಡುತ್ತಿದ್ದು, ಅವನ ಮಾತು ಅಸಂಬದ್ಧವಾಗಿದ್ದರೆ, ನಡಿಗೆ ತಪ್ಪುತ್ತಿದ್ದರೆ, ಇದ್ದಕ್ಕಿದ್ದಂತೆ ಸಿಟ್ಟಾಗಿ ಬಡಬಡಿಸಿದರೆ ಅಥವಾ ಎಚ್ಚರ ತಪ್ಪಿದರೆ ಅದನ್ನು ಉಷ್ಣಾಘಾತವೆಂದೇ ಭಾವಿಸಬೇಕು. ಚರ್ಮ ಒಣಗಿರಬೇಕೆಂಬ ಹಳೆಯ ನಿಯಮವನ್ನು ನೆಚ್ಚಿಕೊಳ್ಳುವಂತಿಲ್ಲ. ದುಡಿಯುತ್ತಾ ಕುಸಿದವನ ಮೈ ಬೆವರಿನಿಂದ ತೊಯ್ದಿರಬಹುದು. ಕಂಕುಳಿನಲ್ಲಿಟ್ಟ ಥರ್ಮಾಮೀಟರ್ ಒಳಗಿನ ತಾಪಕ್ಕಿಂತ ಕಡಿಮೆ ತೋರಿಸುವುದುಂಟು. ಬುದ್ಧಿಯ ಸ್ಥಿಮಿತ ತಪ್ಪಿರುವುದೇ ಮುಖ್ಯ ಲಕ್ಷಣ.

ಆಗ ಗಡಿಯಾರದ ಮುಳ್ಳೇ ವೈದ್ಯ. 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಬರುವವರೆಗೆ ಕಾಯುತ್ತಾ ಕೂರಬಾರದು. ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಸಿಕ್ಕ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಬೇಕು. ಮುಳುಗಿಸುವಷ್ಟು ದೊಡ್ಡ ತೊಟ್ಟಿಯಿದ್ದರೆ ತಲೆ ಮೇಲಿರುವಂತೆ ಹಿಡಿದು ತಣ್ಣೀರಿನಲ್ಲಿ ಕೂರಿಸುವುದು ಎಲ್ಲಕ್ಕಿಂತ ತ್ವರಿತ. ಮಂಜುಗಡ್ಡೆ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿಡಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಬರಿ ಫ್ಯಾನಿನ ಗಾಳಿ ಸಾಲದು. 40 ಡಿಗ್ರಿ ಮೀರಿದ ಕೋಣೆಯಲ್ಲಿ ಒಣ ಮೈಗೆ ತಿರುಗುವ ಫ್ಯಾನು ಬಿಸಿಯನ್ನೇ ತುಂಬುತ್ತದೆ, ಮೈ ಒದ್ದೆಯಾಗಿದ್ದರೆ ಅದೇ ಫ್ಯಾನು ಉಪಕಾರಿ. ಕುಸಿದ ಅರ್ಧ ಗಂಟೆಯೊಳಗೆ ತಾಪವನ್ನು 39ರ ಸಮೀಪಕ್ಕೆ ಇಳಿಸಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು ಎಂಬುದು ಕ್ರೀಡಾ ಮತ್ತು ಸೇನಾ ವೈದ್ಯರ ಅನುಭವ. ಓಟಗಾರರ ವಿಷಯದಲ್ಲಿ ಅವರು ಪಾಲಿಸುವ ಕ್ರಮ ಮೊದಲು ತಣಿಸುವುದು, ನಂತರ ಸಾಗಿಸುವುದು.

ಚೇತರಿಸಿಕೊಂಡು ಮನೆಗೆ ಮರಳಿದವರ ದೇಹವೂ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳವರೆಗೆ ಬಿಸಿಯನ್ನು ಮೊದಲಿನಂತೆ ತಾಳುವುದಿಲ್ಲ. ಯಕೃತ್ತು ಮತ್ತು ಮೂತ್ರಪಿಂಡಗಳ ರಕ್ತಪರೀಕ್ಷೆ ಸಹಜ ಮಟ್ಟಕ್ಕೆ ಬರುವವರೆಗೆ ಬಿಸಿಲಿನ ಕೆಲಸಕ್ಕೆ ಹೋಗದಂತೆ ವೈದ್ಯರು ತಡೆಯುತ್ತಾರೆ. ಆಮೇಲೂ ಮುಂಜಾನೆಯ ತಂಪಿನ ಹೊತ್ತಿನ ಒಂದು ಗಂಟೆಯ ಕೆಲಸದಿಂದಲೇ ಮತ್ತೆ ಆರಂಭಿಸಬೇಕಾಗುತ್ತದೆ.